ಮೂಳೆಗೆ ನ್ಯಾನೋಕಾಂಪೋಸಿಟ್ ಯಾಕೆ? ಟೈಟಾನಿಯಂ ಸಾಲದಾ?

ಮೂಳೆಯ ಜಾಗಕ್ಕೆ ಹಾಕುವ ನ್ಯಾನೋಕಾಂಪೋಸಿಟ್‌ಗಳ (ಒಂದು ವಸ್ತುವಿನೊಳಗೆ ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಅಳತೆಯ ಕಣಗಳು ಬೆರೆತಿರುವ ವಸ್ತು) ಪಾಠ ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಇದೇ. ಟೈಟಾನಿಯಂ ಅಷ್ಟು ಗಟ್ಟಿ, ಮೈಗೂ ಒಗ್ಗುತ್ತದೆ, ಮತ್ತೆ ಇದೆಲ್ಲ ಯಾಕೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಮುರಿಯದೇ ಇರುವುದು ಬೇರೆ, ಬಾಗದೇ ಇರುವುದು ಬೇರೆ. ಯಂಗ್ಸ್ ಮಾಡ್ಯುಲಸ್ ಹೇಳುವುದು ಎರಡನೆಯದನ್ನು. ಮೂಳೆಯ ಗಟ್ಟಿ ಹೊರಪದರಕ್ಕೆ ಅದು ಸುಮಾರು 10ರಿಂದ 20 ಗಿಗಾಪ್ಯಾಸ್ಕಲ್, ಇಂಪ್ಲಾಂಟ್‌ಗೆ (ಮೈಯೊಳಗೆ ಕೂರಿಸುವ ಭಾಗಕ್ಕೆ) ಬಳಸುವ ಟೈಟಾನಿಯಂ ಮಿಶ್ರಲೋಹಕ್ಕೆ 110ರ ಆಸುಪಾಸು, ಸ್ಟೀಲಿಗೆ 200ರ ಹತ್ತಿರ. ಇವು ಜೊತೆಯಾಗಿ ನಿಂತಾಗ ಭಾರದ ಬಹುಪಾಲನ್ನು ಲೋಹವೇ ಹೊರುತ್ತದೆ, ಮೂಳೆ ಸುಮ್ನೆ ಕೂತಿರುತ್ತದೆ. ಕೆಲಸವಿಲ್ಲದ ಮೂಳೆ ಕರಗುತ್ತಾ ಹೋಗುತ್ತದೆ (1892ರಲ್ಲಿ ಜರ್ಮನಿಯ ಸರ್ಜನ್ ವುಲ್ಫ್ ಹೇಳಿದ ನಿಯಮದ ಸಾರ ಇದೇ), ಆಮೇಲೆ ಇಂಪ್ಲಾಂಟ್ ಸಡಿಲವಾಗುತ್ತದೆ. ಇದಕ್ಕೇ ಸ್ಟ್ರೆಸ್ ಶೀಲ್ಡಿಂಗ್ ಅನ್ನುವುದು.

ಹಾಗಾಗಿ ಮೂಳೆಯ ಹಾಗೇ ಬಾಗುವ ವಸ್ತು ಬೇಕು. ಇನ್ನು ಮೂಳೆಯನ್ನೇ ನೋಡಿ. ಅದೇ ಒಂದು ನ್ಯಾನೋಕಾಂಪೋಸಿಟ್! ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಖನಿಜ, ಅಂದರೆ ಕೆಲವೇ ನ್ಯಾನೋಮೀಟರ್ ದಪ್ಪದ ಅಪಟೈಟ್ (ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ಬಗೆ) ಹರಳುಗಳು. ಉಳಿದದ್ದರಲ್ಲಿ ಜಾಸ್ತಿ ಕೊಲಾಜನ್ ಅನ್ನುವ ಪ್ರೋಟೀನ್ ನಾರು, ಸ್ವಲ್ಪ ನೀರು. ಕೋಳಿ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿದರೆ ಖನಿಜ ಕರಗಿ ಅದು ರಬ್ಬರಿನಂತೆ ಬಾಗುತ್ತದೆ. ಸುಟ್ಟರೆ ನಾರು ಹೋಗಿ ಪುಡಿಪುಡಿ. ಎರಡೂ ಸೇರಿದಾಗಲೇ ಮೂಳೆ.

ಇದನ್ನು ಅನುಕರಿಸಲು 1980ರ ದಶಕದಲ್ಲಿ ಲಂಡನ್ನಿನ ವಿಲಿಯಂ ಬಾನ್‌ಫೀಲ್ಡ್ ತಂಡ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್‌ಗೆ (ಇಂಥವೇ ಪಾಲಿಮರ್) ಮೂಳೆಯಲ್ಲಿರುವಂಥದೇ ಅಪಟೈಟ್ ಆದ ಹೈಡ್ರಾಕ್ಸಿಅಪಟೈಟ್ ಪುಡಿ ಬೆರೆಸಿತು. ಹಾಪೆಕ್ಸ್ ಅಂತ ಹೆಸರು, ಗಾತ್ರದಲ್ಲಿ 40% ಪುಡಿ. ಆದರೆ ಕಣಗಳು ಮೈಕ್ರೋ ಅಳತೆಯವು (ಮೈಕ್ರೋ ಅಂದರೆ ನ್ಯಾನೋದ ಸಾವಿರ ಪಟ್ಟು), ಬಳಕೆಯಾದದ್ದೂ ನಡುಗಿವಿ, ಕಣ್ಣುಗುಳಿಯಂಥ ಭಾರ ಬೀಳದ ಜಾಗಗಳಲ್ಲಿ.

ನ್ಯಾನೋ ಆದರೆ ಏನು ಲಾಭ? ಲೆಕ್ಕ ಹಾಕಿ. 1 ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ 600 ಚದರ ಮೀಟರ್, ಅಂದರೆ ಬೆಂಗಳೂರಿನ ಐದು 30×40 ಸೈಟಿಗಿಂತ ಜಾಸ್ತಿ! ಪಾಲಿಮರ್ ಹಿಡಿದುಕೊಳ್ಳಲು, ಮೂಳೆ ಕೋಶಗಳ ಪ್ರೋಟೀನ್ ಅಂಟಿಕೊಳ್ಳಲು ಅಷ್ಟೊಂದು ಜಾಗ.

ತೊಂದರೆಯೂ ಅಲ್ಲೇ ಇದೆ. ಮೇಲ್ಮೈ ಇಷ್ಟಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ, ಅರ್ಜೆಂಟಲ್ಲಿ ತೊಳಸಿದ ರಾಗಿಮುದ್ದೆಯ ಥರ. ಬಿರುಕು ಶುರುವಾಗುವುದು ಆ ಗಂಟಿನಿಂದಲೇ. ಆಗ ನ್ಯಾನೋ ಪುಡಿ ಹಾಕಿಯೂ ಸಿಕ್ಕಿದ್ದು ಮೈಕ್ರೋ ಕಾಂಪೋಸಿಟ್ಟೇ ಅಲ್ವಾ? ಹಾಗಾಗಿ ಕಣಗಳ ಮೈಗೆ ರಾಸಾಯನಿಕ ಲೇಪ ಕೊಡುತ್ತಾರೆ, ಇಲ್ಲವೇ ಕೊಲಾಜನ್ ದ್ರಾವಣದೊಳಗೇ ಹರಳು ಬೆಳೆಸುತ್ತಾರೆ. ನನಗೆ ಎರಡನೆಯದೇ ಜಾಣತನ ಅನ್ನಿಸುತ್ತದೆ, ನಮ್ಮ ದೇಹ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಅಪಟೈಟನ್ನು ಪಾಲಿಲ್ಯಾಕ್ಟಿಕ್ ಆಸಿಡ್ ಅನ್ನುವ ಪಾಲಿಮರ್ ಜೊತೆ ಬೆರೆಸಿದ್ದರೆ ಇನ್ನೊಂದು ಉಪಯೋಗ. ಆ ಪಾಲಿಮರ್ ಮೈಯೊಳಗೆ ಒಡೆಯುತ್ತಾ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಸುತ್ತಲಿನ ಅಂಗಾಂಶ ಉರಿಯೂತಕ್ಕೆ ಬೀಳಬಹುದು. ಅಪಟೈಟ್ ಸ್ವಲ್ಪ ಸ್ವಲ್ಪವೇ ಕರಗಿ ಆ ಹುಳಿಯನ್ನು ತಗ್ಗಿಸುತ್ತದೆ.