ಕೊಳಕುಮಂಡಲ ಕಚ್ಚಿದರೆ ರಕ್ತ ಯಾಕೆ ನಿಲ್ಲುವುದಿಲ್ಲ?

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಇಲಿಗೆ ಬರವಿಲ್ಲ. ಇಲಿಯ ಬೆನ್ನಿಗೆ ಕೊಳಕುಮಂಡಲ. ‘ಹುಳ ಮುಟ್ಟೈತಿ’ ಎಂದು ಆಸ್ಪತ್ರೆಗೆ ಬಂದವರಲ್ಲಿ ಕೆಲವರ ವಸಡಿನಿಂದ ರಕ್ತ ಜಿನುಗುತ್ತಿರುತ್ತದೆ. ವಿಷ ರಕ್ತವನ್ನು ನೀರು ಮಾಡಿತು ಎನ್ನುತ್ತಾರೆ. ಒಳಗೆ ಮೊದಲು ನಡೆಯುವುದು ಇದರ ತಿರುವುಮುರುವು, ರಕ್ತ ಹೆಪ್ಪುಗಟ್ಟತೊಡಗುತ್ತದೆ.

ಹೆಪ್ಪುಗಟ್ಟಲು ಥ್ರಾಂಬಿನ್ ಎಂಬ ಕಿಣ್ವ ಬೇಕು ಎಂಬುದು 1905ರಲ್ಲಿ ಜರ್ಮನ್ ವೈದ್ಯ ಮೊರಾವಿಟ್ಜ್ ನಾಲ್ಕು ಅಂಶಗಳ ಲೆಕ್ಕ ಕೊಟ್ಟಾಗಲೇ ಸ್ಪಷ್ಟವಾಗಿತ್ತು. 1964ರಲ್ಲಿ ಸಂಶೋಧಕರಾದ ಮ್ಯಾಕ್‌ಫಾರ್ಲೇನ್ ಒಂದು ಕಡೆ, ಡೇವಿ ಮತ್ತು ರ‍್ಯಾಟ್‌ನಾಫ್ ಇನ್ನೊಂದು ಕಡೆ ಹೆಪ್ಪುಗಟ್ಟುವ ಕ್ರಮವನ್ನು ಮೆಟ್ಟಿಲುಗಳಾಗಿ ಜೋಡಿಸಿದರು: 12ನೇ ಫ್ಯಾಕ್ಟರ್ (ಹೆಪ್ಪುಗಟ್ಟಿಸುವ, ಸಂಖ್ಯೆಯಿಂದ ಕರೆಯುವ ರಕ್ತದ ಪ್ರೋಟೀನು) 11ನ್ನು, 11 ಒಂಬತ್ತನ್ನು, 9 ಎಂಟರ ನೆರವಿನಿಂದ ಹತ್ತನ್ನು ಎಬ್ಬಿಸುತ್ತದೆ. ಎದ್ದ 10, ಐದನೇ ಫ್ಯಾಕ್ಟರ್ ಮತ್ತು ಕ್ಯಾಲ್ಸಿಯಂ ಜೊತೆ ಪ್ಲೇಟ್‌ಲೆಟ್ ಮೇಲೆ ಕೂತರೆ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುವ ವೇಗ ಸುಮಾರು 3 ಲಕ್ಷ ಪಟ್ಟು ಏರುತ್ತದೆ. ಥ್ರಾಂಬಿನ್ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಯಾಗಿಸುತ್ತದೆ, ಆ ಎಳೆಗಳ ಬಲೆಯೇ ಹೆಪ್ಪು.

ಕೊಳಕುಮಂಡಲದ ವಿಷ ಮೇಲಿನ ಮೆಟ್ಟಿಲು ಹತ್ತುವುದೇ ಇಲ್ಲ. ನೇರ 10 ಮತ್ತು 5ಕ್ಕೆ ಕೈ ಹಾಕುತ್ತದೆ. (ಇದೇ ಗುಣ ನಂಬಿ 1934ರಲ್ಲಿ ಮ್ಯಾಕ್‌ಫಾರ್ಲೇನ್ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುರೋಗ) ಇರುವವರ ಗಾಯಕ್ಕೆ ಈ ವಿಷವನ್ನೇ ಬಳಸಿದ್ದರು.) ಒಣಭೂಮಿಯ ಗರಗಸ ಮಂಡಲ ಹಾವಿನ ವಿಷ ಪ್ರೋಥ್ರಾಂಬಿನ್‌ಗೇ ಹೋಗುತ್ತದೆ. ಮೈತುಂಬ ಥ್ರಾಂಬಿನ್ ಎದ್ದು ಫೈಬ್ರಿನೋಜನ್ ಖರ್ಚಾಗಿ ಹೋಗುತ್ತದೆ. ಆಮೇಲೆ ಸೂಜಿ ಚುಚ್ಚಿದ ಜಾಗವೂ ಒಸರುತ್ತದೆ. ಕಚ್ಚಿದಲ್ಲಿ ಬ್ಲೇಡಿನಿಂದ ಕೊಯ್ಯುವುದು ಅದಕ್ಕೇ ಅಷ್ಟು ಅಪಾಯ.

ಇದನ್ನು ಹಿಡಿಯಲು ದೊಡ್ಡ ಯಂತ್ರ ಬೇಡ. ಒಣಗಿದ ಶುಭ್ರ ಗಾಜಿನ ಟ್ಯೂಬಿಗೆ ರಕ್ತನಾಳದಿಂದ ಆಗಷ್ಟೇ ತೆಗೆದ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ನಿಲ್ಲಿಸಿ, ಒಮ್ಮೆ ಮಾತ್ರ ಬಗ್ಗಿಸಬೇಕು. ಇನ್ನೂ ಹರಿದರೆ ವಿಷ ಹತ್ತಿದೆ. ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತ ಇಟ್ಟರೆ ಅನುಮಾನ ಉಳಿಯದು.

ಎಡವುವುದು ಟ್ಯೂಬಿನಲ್ಲಿ. 12ನೇ ಫ್ಯಾಕ್ಟರನ್ನು ಎಬ್ಬಿಸುವುದು ಗಾಜಿನ ಮೈ. ಪ್ಲಾಸ್ಟಿಕ್ಕಿನಲ್ಲಿ, ಸೋಪಿನಿಂದ ತೊಳೆದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿದೀತು. ಪ್ಲಾಸ್ಟಿಕ್ ವಯಲ್‌ಗಳು ಬಂದಮೇಲೆ ಲ್ಯಾಬ್‌ಗಳಲ್ಲಿ ಗಾಜು ಕಡಿಮೆಯಾಗಿದೆ. ಕಡಿಮೆ ಬೆಲೆಯ ವಸ್ತು ಎಂದು ಯಾರೂ ತರಿಸಿಡುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಒಂದು ಡಜನ್ ಇದ್ದರೂ ಸಾಕು.

ರಕ್ತ ಹರಿದರೆ 10 ವಯಲ್ ವಿಷಪ್ರತಿರೋಧಕ ಒಂದು ಗಂಟೆಯಲ್ಲಿ ಇಳಿಸುತ್ತಾರೆ. ಅದು ಅಡ್ಡಾಡುವ ವಿಷವನ್ನಷ್ಟೇ ಕಟ್ಟಿಹಾಕುತ್ತದೆ, ಕಳೆದ ಫ್ಯಾಕ್ಟರ್‌ಗಳನ್ನು ಯಕೃತ್ತೇ ಹೊಸದಾಗಿ ಮಾಡಬೇಕು. ಅದಕ್ಕೆ ಸುಮಾರು 6 ಗಂಟೆ ಬೇಕು, ಹಾಗಾಗಿ ಮರುಪರೀಕ್ಷೆ ಆಗ.