ಆ್ಯಂಟಿಬಯೋಟಿಕ್‌ಗೆ ಕರಗೋ ಕ್ಯಾನ್ಸರ್: ಮಾಲ್ಟ್ ಲಿಂಫೋಮಾ ಕಥೆ

ಆ್ಯಂಟಿಬಯೋಟಿಕ್ ತಗೊಂಡ್ರೆ ಕ್ಯಾನ್ಸರ್ ಹೋಗುತ್ತೆ ಅಂತ ವಾಟ್ಸಾಪಲ್ಲಿ ಯಾರಾದ್ರೂ ಕಳಿಸಿದ್ರೆ ನಾನಂತೂ ಓದದೇ ಡಿಲೀಟ್ ಮಾಡ್ತೀನಿ. ಆದ್ರೆ ಮಾಲ್ಟ್ ಲಿಂಫೋಮಾ ಅನ್ನೋ ಹೊಟ್ಟೆಯ ಒಂದು ಕ್ಯಾನ್ಸರ್ ವಿಷಯದಲ್ಲಿ ಇದು ನಿಜ, ಶುರುವಿನ ಹಂತದಲ್ಲೇ ಸಿಕ್ಕಿ ಜೊತೆಗೆ ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾದ ಸೋಂಕೂ ಇದ್ರೆ ಸುಮಾರು ಮುಕ್ಕಾಲು ಪಾಲು ಜನಕ್ಕೆ ಗುಣ ಆಗುತ್ತೆ. ಇದು ಗೊತ್ತಾಗಿದ್ದರಲ್ಲಿ ದೊಡ್ಡ ಪಾಲು ಪೀಟರ್ ಐಸಾಕ್ಸನ್ ಅನ್ನೋ ಪ್ಯಾಥಾಲಜಿಸ್ಟ್‌ದು (ಅಂಗಾಂಶ ಪರೀಕ್ಷೆ ಮಾಡಿ ರೋಗ ಗುರುತಿಸೋ ಡಾಕ್ಟರ್). ಮೂಲ ದಕ್ಷಿಣ ಆಫ್ರಿಕಾ, ಕೆಲಸ ಮಾಡಿದ್ದು ಇಂಗ್ಲೆಂಡಲ್ಲಿ, ಮೊದಲು ಸೌತಾಂಪ್ಟನ್, ಆಮೇಲೆ ಲಂಡನ್.

ಲಿಂಫೋಮಾ ಅಂದ್ರೆ ಬಿ ಅಥವಾ ಟಿ ಲಿಂಫೋಸೈಟ್‌ಗಳ, ಅಂದ್ರೆ ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳ ಕ್ಯಾನ್ಸರ್. ಎಪ್ಪತ್ತರ ದಶಕದಲ್ಲಿ ಇದನ್ನ ಹೇಗೆ ವಿಂಗಡಿಸ್ಬೇಕು ಅಂತ ಯುರೋಪಿನವರದ್ದೊಂದು ಪದ್ಧತಿ, ಅಮೆರಿಕದವರದ್ದೊಂದು, ಜಗಳವೋ ಜಗಳ. ಆದ್ರೆ ಎಲ್ಲರ ಅಳತೆಗೋಲೂ ಹೆಚ್ಚುಕಮ್ಮಿ ಒಂದೇ, ಕತ್ತು ಕಂಕುಳಲ್ಲಿರೋ ಲಿಂಫ್ ನೋಡ್, ಅಂದ್ರೆ ಲಿಂಫೋಸೈಟ್‌ಗಳು ಸೇರಿರೋ ಸಣ್ಣ ಗಂಟು. ಹೊಟ್ಟೆಯಲ್ಲಿ ಬರೋ ಲಿಂಫೋಮಾ ಈ ಅಳತೆಗೆ ಕೂರ್ತಾನೇ ಇರ್ಲಿಲ್ಲ, ಎಷ್ಟೋ ವರ್ಷ ಇದ್ದ ಜಾಗದಲ್ಲೇ ಇರೋದು, ಬೇರೆ ಕಡೆ ಹರಡೋದು ಕಮ್ಮಿ, ಹಾಗಾಗಿ ಇಂಥ ಎಷ್ಟೋ ಕೇಸಿಗೆ ‘ಸ್ಯೂಡೋಲಿಂಫೋಮಾ’ (ಹುಸಿ ಲಿಂಫೋಮಾ) ಅಂತ ಹೆಸರಿಟ್ಟು ಸುಮ್ಮನಾಗಿಬಿಡೋರು. ಲಿಂಫೋಮಾನೇ ಅಂತ ಖಾತ್ರಿ ಆದ್ರೆ ಆಪರೇಷನ್ ಮಾಡಿ ಹೊಟ್ಟೆಯ ಭಾಗಾನೇ ತೆಗೆಯೋದು ಮಾಮೂಲಾಗಿತ್ತು.

1983ರಲ್ಲಿ ಐಸಾಕ್ಸನ್ ಮತ್ತು ಡೆನಿಸ್ ರೈಟ್ (ಇವ್ರು ಮುಂಚೆ ಉಗಾಂಡಾದಲ್ಲಿ ಬರ್ಕಿಟ್ ಲಿಂಫೋಮಾ ಮೇಲೆ ಕೆಲಸ ಮಾಡಿದ್ದವರು) ‘ಕ್ಯಾನ್ಸರ್’ ಜರ್ನಲ್‌ನಲ್ಲಿ ಒಂದು ಪೇಪರ್ ಬರೆದ್ರು. ಹೇಳಿದ್ದಿಷ್ಟೇ, ಇದನ್ನ ಲಿಂಫ್ ನೋಡ್ ಜೊತೆ ಹೋಲಿಸ್ಬೇಡಿ, ಕರುಳಿನ ಗೋಡೆಯಲ್ಲಿರೋ ಪೇಯರ್ಸ್ ಪ್ಯಾಚ್ ಥರದ ಲಿಂಫಾಯ್ಡ್ (ಲಿಂಫೋಸೈಟ್ ತುಂಬಿದ) ಅಂಗಾಂಶದ ಜೊತೆ ಹೋಲಿಸಿ. ಗೆಡ್ಡೆಯ ಸ್ಲೈಡ್ ನೋಡಿದ್ರೆ ವಿಷಯ ಅರ್ಥ ಆಗುತ್ತೆ: ಮಧ್ಯೆ ಗುಂಡಗಿನ ಫಾಲಿಕಲ್ (ಲಿಂಫೋಸೈಟ್‌ಗಳ ಗುಂಪು), ಅದರ ಸುತ್ತ ಸಣ್ಣ ಸಣ್ಣ ಬಿ ಕೋಶಗಳು ಹರಡಿಕೊಂಡಿರ್ತವೆ, ಅವು ಪಕ್ಕದ ಹೊಟ್ಟೆ ಗ್ರಂಥಿಗಳೊಳಗೆ ನುಗ್ಗಿ ಅದರ ಗೋಡೆಯನ್ನ ಹಾಳು ಮಾಡ್ತಿರ್ತವೆ. ಪೇಯರ್ಸ್ ಪ್ಯಾಚಲ್ಲಿ ಆರೋಗ್ಯವಂತ ಬಿ ಕೋಶಗಳೂ ಮೇಲಿನ ಪದರದೊಳಕ್ಕೆ ಹೀಗೇ ಹೋಗ್ತವೆ, ಹಾಳು ಮಾಡೋದಿಲ್ಲ ಅಷ್ಟೇ. ಈ ಲೋಳೆಪೊರೆಯ ಲಿಂಫಾಯ್ಡ್ ಅಂಗಾಂಶದ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದ್ದೇ ‘ಮಾಲ್ಟ್’.

ಸರಿ, ಆದ್ರೆ ಒಂದು ತಕರಾರು ಉಳೀತು. ಆರೋಗ್ಯವಾಗಿರೋ ಹೊಟ್ಟೆಯಲ್ಲಿ ಈ ಥರದ ಅಂಗಾಂಶ ಇರೋದೇ ಇಲ್ವಲ್ಲ, ಮತ್ತೆ ಲಿಂಫೋಮಾ ಹುಟ್ಟಿದ್ದು ಯಾವುದರಿಂದ? ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಹಿಂದೆ ಬಿದ್ದಿದ್ರು, 2005ರಲ್ಲಿ ಅವರಿಗೆ ನೊಬೆಲ್ ಸಿಕ್ಕಿದ್ದೂ ಅದಕ್ಕೇ. ಎಚ್. ಪೈಲೋರಿ ಬಂದು ಸೇರ್ಕೊಂಡ್ರೆ ಇಮ್ಯೂನ್ ಸಿಸ್ಟಮ್ ಹೊಟ್ಟೆಯಲ್ಲೇ ಲಿಂಫಾಯ್ಡ್ ಫಾಲಿಕಲ್ ಕಟ್ಟಿಬಿಡುತ್ತೆ. ಐಸಾಕ್ಸನ್ ಟೀಮಿನ ಆಂಡ್ರ್ಯೂ ವದರ್‌ಸ್ಪೂನ್ ಮತ್ತಿತರರು 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಲೆಕ್ಕ ಕೊಟ್ರು: 110 ಹೊಟ್ಟೆ ಮಾಲ್ಟ್ ಲಿಂಫೋಮಾಗಳಲ್ಲಿ 92% ಕೇಸಲ್ಲಿ ಈ ಬ್ಯಾಕ್ಟೀರಿಯಾ ಇತ್ತು.

ಜೊತೆಗಿದೆ ಅಂದಮಾತ್ರಕ್ಕೆ ಅದೇ ಕಾರಣ ಅನ್ನೋಕಾಗಲ್ಲ. ಹಾಗಾಗಿ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗೋದು 1993ರ ಪ್ರಯೋಗ. ಟ್ರೇಸಿ ಹಸ್ಸೆಲ್ ಮತ್ತು ಜೊತೆಯವರು ರೋಗಿಗಳ ಗೆಡ್ಡೆಯ ಕೋಶಗಳನ್ನ ಲ್ಯಾಬಲ್ಲಿ ಸಾಯಿಸಿದ ಎಚ್. ಪೈಲೋರಿ ಜೊತೆ ಬೆಳೆಸಿ ನೋಡಿದ್ರು. ಕೋಶಗಳು ಹೆಚ್ಚಾದವು, ಅದೂ ಬ್ಯಾಕ್ಟೀರಿಯಾದ ಎಲ್ಲಾ ತಳಿಗೂ ಅಲ್ಲ, ಒಬ್ಬೊಬ್ಬರ ಗೆಡ್ಡೆ ಒಂದೊಂದು ತಳಿಗೆ ಮಾತ್ರ. ಟಿ ಕೋಶಗಳನ್ನ ತೆಗೆದುಹಾಕಿದ್ರೆ ಬ್ಯಾಕ್ಟೀರಿಯಾ ಹಾಕಿದ್ರೂ ಏನೂ ಆಗ್ಲಿಲ್ಲ. ಅಂದ್ರೆ ಬ್ಯಾಕ್ಟೀರಿಯಾವನ್ನ ಗುರುತು ಹಿಡಿತಿದ್ದಿದ್ದು ಕ್ಯಾನ್ಸರ್ ಬಿ ಕೋಶ ಅಲ್ಲ, ಪಕ್ಕದಲ್ಲಿದ್ದ ಕ್ಯಾನ್ಸರ್ ಅಲ್ಲದ ಟಿ ಕೋಶ, ಅದರ ಸಹಾಯದಿಂದ ಗೆಡ್ಡೆ ಬದುಕ್ತಿತ್ತು. ಇನ್ನೂ ವಿಚಿತ್ರ ಅಂದ್ರೆ ಗೆಡ್ಡೆ ಮಾಡೋ ಆ್ಯಂಟಿಬಾಡಿ ಪರೀಕ್ಷೆ ಮಾಡಿದಾಗ ಅದು ಅಂಟಿಕೊಂಡಿದ್ದು ನಮ್ಮದೇ ದೇಹದ ಪ್ರೋಟೀನ್‌ಗಳಿಗೆ.

1993ರ ಆ ಪ್ರಯೋಗ ಬಂದ ‘ಲ್ಯಾನ್ಸೆಟ್’ ಸಂಚಿಕೆಯಲ್ಲೇ ಇನ್ನೊಂದು ಪೇಪರ್ ಇತ್ತು. ಆರು ಜನ ರೋಗಿಗಳಿಗೆ ಆ್ಯಂಟಿಬಯೋಟಿಕ್ ಕೊಟ್ರು, ಆರೂ ಜನರಲ್ಲಿ ಬ್ಯಾಕ್ಟೀರಿಯಾ ಹೋಯ್ತು, ಐದು ಜನರ ಬಯಾಪ್ಸಿಯಲ್ಲಿ ಲಿಂಫೋಮಾನೂ ಕಾಣಿಸ್ಲಿಲ್ಲ. ಆರು ಜನ ಅಂದ್ರೆ ತೀರಾ ಕಮ್ಮಿ ಅಂತ ಅನುಮಾನ ಪಟ್ಟವರದ್ದೇನೂ ತಪ್ಪಿಲ್ಲ, ಆದ್ರೆ ಆಮೇಲೆ ಬೇರೆ ಬೇರೆ ದೇಶದ ದೊಡ್ಡ ಸ್ಟಡಿಗಳಲ್ಲೂ ಇದೇ ಬಂತು.

ಗುಣ ಆಗದೆ ಉಳಿದವರ ಕಥೆ 1999ರಿಂದ ಬಿಚ್ಚಿಕೊಳ್ತು. ಕೆಲವರ ಗೆಡ್ಡೆಯಲ್ಲಿ 11 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಎಪಿಐ2-ಮಾಲ್ಟ್1 ಅನ್ನೋ ಜೋಡು ಜೀನ್ ಹುಟ್ಕೊಂಡಿರುತ್ತೆ. ಮಾಮೂಲಾಗಿ ಹೊರಗಿಂದ ಸಿಗ್ನಲ್ ಬಂದಾಗ ಮಾತ್ರ ಆನ್ ಆಗೋ ಎನ್‌ಎಫ್-ಕಪ್ಪಾಬಿ ದಾರಿ (ಕೋಶಕ್ಕೆ ಬದುಕು, ಬೆಳೆ ಅಂತ ಹೇಳೋ ವ್ಯವಸ್ಥೆ) ಆಗ ಸದಾ ಆನ್, ಬ್ಯಾಕ್ಟೀರಿಯಾ ಬೇಕಾಗೇ ಇಲ್ಲ. ಇಂಥ ಗೆಡ್ಡೆ ಆ್ಯಂಟಿಬಯೋಟಿಕ್‌ಗೆ ಅಷ್ಟಾಗಿ ಬಗ್ಗಲ್ಲ ಅಂತ ಐಸಾಕ್ಸನ್ ಟೀಮೇ 2001ರಲ್ಲಿ ತೋರಿಸ್ತು. ಅಂಥವರಿಗೆ ರೇಡಿಯೇಷನ್ನೋ, ಬಿ ಕೋಶಗಳನ್ನ ಗುರಿ ಮಾಡೋ ರಿಟುಕ್ಸಿಮ್ಯಾಬ್ ಅನ್ನೋ ಔಷಧಿಯೋ ಬೇಕಾಗುತ್ತೆ.

ನಮ್ಮ ಕಡೆ ಹೊಟ್ಟೆ ಉರಿ, ಎದೆ ಉರಿ, ತೇಗು ಎಲ್ಲಾ ‘ಗ್ಯಾಸ್ಟ್ರಿಕ್’ ಖಾತೆಗೇ ಹೋಗುತ್ತೆ, ಮೆಡಿಕಲ್ ಶಾಪಲ್ಲಿ ಆಸಿಡ್ ಕಮ್ಮಿ ಮಾಡೋ ಪ್ಯಾಂಟೋಪ್ರಜೋಲ್ ಮಾತ್ರೆ ತಗೊಂಡು ತಿಂಗಳುಗಟ್ಟಲೆ ನುಂಗೋರಿಗೆ ಕಮ್ಮಿ ಇಲ್ಲ. ಎಚ್. ಪೈಲೋರಿ ಇಂಡಿಯಾದಲ್ಲಿ ತುಂಬಾ ಜನರಿಗೆ ಇದೆ, ಅವರಲ್ಲಿ ಲಿಂಫೋಮಾ ಆಗೋದು ತೀರಾ ಅಪರೂಪ, ಗಾಬರಿ ಬೇಡ. ಆದ್ರೆ ಈ ಮಾತ್ರೆ ತಗೊಳ್ತಾ ಇದ್ರೆ ಬ್ಯಾಕ್ಟೀರಿಯಾ ಇದ್ರೂ ಅದನ್ನ ಪತ್ತೆ ಮಾಡೋ ಉಸಿರಿನ ಟೆಸ್ಟಲ್ಲಿ ನೆಗೆಟಿವ್ ಬರಬಹುದು, ಹಾಗಾಗಿ ಡಾಕ್ಟರನ್ನ ಕೇಳಿ ಎರಡು ವಾರ ಮೊದಲೇ ನಿಲ್ಲಿಸಿ ಟೆಸ್ಟಿಗೆ ಹೋಗ್ಬೇಕು.