ಅವ್ವನಿಗೆ ಪರೀಕ್ಷೆ ಇಡಬೇಡಿ, ಸುಳಿವು ಕೊಡಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಮಡಿಕೇರಿಯ ನನ್ನ ಕ್ಲಿನಿಕ್ಕಿಗೆ ಒಂದೇ ಬಗೆಯ ದೂರು ಹೊತ್ತು ಬರುವವರು ಜಾಸ್ತಿ. ಬೆಂಗಳೂರಲ್ಲೋ ದುಬೈಯಲ್ಲೋ ಇರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಿರುತ್ತಾರೆ. ಅವ್ವನ ಮರೆವು ಆಗ ಅವರ ಕಣ್ಣಿಗೆ ಬಿದ್ದಿರುತ್ತದೆ. "ಮೇಡಂ, ಅವ್ವನಿಗೆ ಮೊಮ್ಮಗಳ ಹೆಸರೇ ಬರಲಿಲ್ಲ. ಎಷ್ಟು ಸಲ ಕೇಳಿದ್ರೂ ಹೇಳಲಿಲ್ಲ" ಅನ್ನುತ್ತಾರೆ. ಹೇಗೆ ಕೇಳಿದಿರಿ ಎಂದು ನಾನು ವಿಚಾರಿಸುತ್ತೇನೆ. ಉತ್ತರ ಹೆಚ್ಚುಕಮ್ಮಿ ಹೀಗಿರುತ್ತದೆ: "ಇವಳು ಯಾರು ಹೇಳು ಅವ್ವ, ಹೇಳು ನೋಡೋಣ."

ನೆನಪಿನ ಮಟ್ಟಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಸುತ್ತ ನೆಂಟರು ನಿಂತಿದ್ದಾರೆ. ಎಲ್ಲರ ಕಣ್ಣೂ ಅವ್ವನ ಬಾಯಿಯ ಮೇಲೆ. ಹಿಡಿದುಕೊಳ್ಳಲು ಒಂದು ಎಳೆಯನ್ನೂ ಯಾರೂ ಕೊಟ್ಟಿಲ್ಲ. ಅಂಥ ಹೊತ್ತಿನಲ್ಲಿ ಮೂವತ್ತು ವರ್ಷದವರಿಗೂ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಇದೇ ಪ್ರಶ್ನೆಯನ್ನು ಬೇರೆ ಥರ ಕೇಳಿ ನೋಡಿ. "ಚಿಕ್ಕವನ ಮಗಳು ಅವ್ವ. ಹೋದ ವರ್ಷ ಕದಿರು ತೆಗೆಯೋಕೆ ನಿನ್ನ ಕೈ ಹಿಡ್ಕೊಂಡೇ ಗದ್ದೆಗೆ ಬಂದಿದ್ಲಲ್ಲ." ಎಷ್ಟೋ ಸಲ ಹೆಸರು ತಾನಾಗಿ ಬರುತ್ತದೆ. ಹೆಸರು ಒಳಗೇ ಇತ್ತು. ಅಲ್ಲಿಗೆ ಹೋಗುವ ದಾರಿ ಸಿಕ್ಕಿರಲಿಲ್ಲ, ಅಷ್ಟೇ.

ಇದು ಬರೀ ಸಮಾಧಾನದ ಮಾತಲ್ಲ. 1966ರಲ್ಲಿ ಎಂಡೆಲ್ ಟಲ್ವಿಂಗ್ ಮತ್ತು ಝೆನಾ ಪರ್ಲ್‌ಸ್ಟೋನ್ ಎಂಬ ಸಂಶೋಧಕರು ಇದನ್ನು ಪ್ರಯೋಗದಲ್ಲಿ ತೋರಿಸಿದರು. ಒಂದಷ್ಟು ಪದಗಳನ್ನು ಗುಂಪು ಗುಂಪಾಗಿ ಮಾಡಿ ವಿದ್ಯಾರ್ಥಿಗಳಿಗೆ ಕಲಿಸಿದರು. ಆಮೇಲೆ ಕೆಲವರಿಗೆ ಖಾಲಿ ಹಾಳೆ ಕೊಟ್ಟು, ನೆನಪಾದದ್ದನ್ನು ಬರೆಯಿರಿ ಅಂದರು. ಉಳಿದವರಿಗೆ ಗುಂಪಿನ ಹೆಸರುಗಳನ್ನೂ ಕೊಟ್ಟರು. ಗುಂಪಿನ ಹೆಸರು ಸಿಕ್ಕವರು ಹೆಚ್ಚು ಪದ ಬರೆದರು. ಖಾಲಿ ಹಾಳೆಯವರಿಗೂ ಆಮೇಲೆ ಅದೇ ಸುಳಿವು ಕೊಟ್ಟಾಗ, ಮರೆತೇಹೋಯಿತು ಅಂದುಕೊಂಡಿದ್ದ ಪದಗಳು ಮೇಲೆ ಬಂದವು. ಒಳಗೆ ಇರುವುದು ಬೇರೆ, ಬೇಕಾದಾಗ ಕೈಗೆ ಸಿಗುವುದು ಬೇರೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಈ ಒಂದು ವ್ಯತ್ಯಾಸ ಗೊತ್ತಿರಬೇಕು.

ಸ್ವಲ್ಪ ಹಿಂದಿನಿಂದ ನೋಡೋಣ. ನೆನಪು ಎಂದರೆ ಮೂರು ಕೆಲಸ. ಒಳಗೆ ತೆಗೆದುಕೊಳ್ಳುವುದು, ಉಳಿಸಿಕೊಳ್ಳುವುದು, ಮತ್ತೆ ಹೊರಗೆ ತರುವುದು. ಮೂರರಲ್ಲಿ ಯಾವುದು ಕೆಟ್ಟರೂ ನಾವು ಹೇಳುವುದು 'ಮರೆವು' ಎಂದೇ.

ಮೊದಲನೆಯದಕ್ಕೆ ಬೇಕಾದದ್ದು ಗಮನ. ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳುವುದು ಬಹಳ ಕಡಿಮೆ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಸುಮಾರು ಏಳು ವಿಷಯ ಅಂದಿದ್ದರು. ಈಗ ಅನೇಕರು ಅದು ನಾಲ್ಕರ ಹತ್ತಿರ ಎನ್ನುತ್ತಾರೆ. ಅವ್ವ ಒಲೆ ಮುಂದೆ ಅಕ್ಕಿ ಒಟ್ಟಿ ಸುಡುತ್ತಿದ್ದಾಗ, ಮಿಕ್ಸಿಯ ಸದ್ದಿನ ನಡುವೆ ಮಗ ಫೋನಲ್ಲಿ ಏನೋ ಹೇಳಿರುತ್ತಾನೆ. ಸಂಜೆ "ಬೆಳಿಗ್ಗೆ ಹೇಳಿದ್ದೆನಲ್ಲ, ಅಷ್ಟು ಬೇಗ ಮರೆತೆಯಾ" ಎಂದು ರೇಗುತ್ತಾನೆ. ಆ ಮಾತು ಅವ್ವನ ಒಳಗೆ ಹೋಗಿಯೇ ಇರಲಿಲ್ಲ. ಕಿವಿ ಮಂದವಾಗಿದ್ದರಂತೂ ಕೇಳಲೇ ಇಲ್ಲ. ಮರೆವು ಎಂದು ಕರೆದುಕೊಂಡು ಬಂದವರಲ್ಲಿ ಎಷ್ಟೋ ಜನರನ್ನು ನಾನು ಮೊದಲು ಕಿವಿಯ ಡಾಕ್ಟರ ಬಳಿ ಕಳಿಸುತ್ತೇನೆ.

ಎರಡನೆಯ ಕೆಲಸದ ಬಗ್ಗೆ ನಮಗೆ ತುಂಬ ಕಲಿಸಿಕೊಟ್ಟವರು ಅಮೆರಿಕದ ಹೆನ್ರಿ ಮೊಲೈಸನ್. ಅವರಿಗೆ ಮೂರ್ಛೆರೋಗ ವಿಪರೀತವಾಗಿತ್ತು. 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಬದಿಯಿಂದ, ಹೊಸ ನೆನಪು ಉಳಿಯಲು ಬೇಕಾದ ಹಿಪೊಕ್ಯಾಂಪಸ್ ಎಂಬ ಅಂಗದ ಹೆಚ್ಚಿನ ಭಾಗವನ್ನೂ ಅದರ ಅಕ್ಕಪಕ್ಕದ ಭಾಗವನ್ನೂ ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಸಂಗತಿ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಊಟ ಮಾಡಿದ್ದು, ಆಗಷ್ಟೇ ಪರಿಚಯವಾದವರ ಮುಖ, ಎಲ್ಲ ಸ್ವಲ್ಪ ಹೊತ್ತಿನಲ್ಲೇ ಹೋಗುತ್ತಿತ್ತು. ಬಾಲ್ಯದ ನೆನಪುಗಳು ಮಾತ್ರ ಬಹಳಷ್ಟು ಉಳಿದಿದ್ದವು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವರಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸಬೇಕು. ದಿನದಿಂದ ದಿನಕ್ಕೆ ಹೆನ್ರಿಯ ಕೈ ಪಳಗಿತು. ಹಿಂದಿನ ದಿನ ಇದನ್ನು ಮಾಡಿದ್ದು ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ವಿಜ್ಞಾನಿಗಳೊಂದಿಗೆ ತಾಳ್ಮೆಯಿಂದ ಸಹಕರಿಸಿದರು.

ನಡೆದ ಘಟನೆಯ ನೆನಪು ಬೇರೆ, ಕೈಗೆ ಕೂತ ಕೆಲಸದ ನೆನಪು ಬೇರೆ ಎಂದು ಹೀಗೆ ಗೊತ್ತಾಯಿತು. ಮಧ್ಯಾಹ್ನ ಏನು ಉಂಡೆ ಎಂದು ಹೇಳಲಾಗದ ಅಜ್ಜಿ ಕೊಡಗಿನ ಶೈಲಿಯಲ್ಲಿ ಸೀರೆ ಉಡುವುದರಲ್ಲಿ ಒಂದು ನೆರಿಗೆಯೂ ತಪ್ಪುವುದಿಲ್ಲ. ಕಡುಂಬುಟ್ಟಿನ ಉಂಡೆ ಕಟ್ಟಲು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನೆಯವರು ಇದನ್ನು ನೋಡಿ "ನಾಟಕ ಮಾಡ್ತಾರೆ, ಬೇಕಾದ್ದು ಮಾತ್ರ ನೆನಪಿರುತ್ತೆ" ಅನ್ನುವುದುಂಟು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ನಾಟಕವಲ್ಲ. ಮೆದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ನೆನಪು ಕಾಯುತ್ತವೆ. ಒಂದು ಸೋತಿದೆ, ಇನ್ನೊಂದು ಗಟ್ಟಿ ಇದೆ. ಗಟ್ಟಿ ಇರುವ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ.

ನರಕೋಶಗಳ ಮಟ್ಟದಲ್ಲಿ, ಜೊತೆಯಾಗಿ ಕೆಲಸ ಮಾಡಿದ ಕೋಶಗಳ ನಡುವಿನ ಜೋಡಣೆ ಬಲವಾಗುತ್ತದೆ. ಇದೇ ನೆನಪಿನ ಗುರುತು. ಸಮುದ್ರದ ಬಸವನಹುಳುವಿನಲ್ಲಿ ಇಂಥ ಬದಲಾವಣೆಯನ್ನು ಬಿಡಿಸಿ ತೋರಿಸಿದ ಎರಿಕ್ ಕ್ಯಾಂಡಲ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಒಂದು ಘಟನೆಯ ನೋಟ, ಸದ್ದು, ವಾಸನೆ ಮೆದುಳಿನ ಬೇರೆ ಬೇರೆ ಕಡೆ ಗುರುತಾಗುತ್ತವೆ. ಇವನ್ನು ಒಂದಕ್ಕೊಂದು ಹೆಣೆಯುವ ಕೆಲಸದಲ್ಲಿ ಹಿಪೊಕ್ಯಾಂಪಸ್ ಮುಖ್ಯ. ಹಾಗಾಗಿ ಒಂದು ಎಳೆ ಸಿಕ್ಕರೆ ಉಳಿದವೂ ಬರುತ್ತವೆ.

ಸುಳಿವು ಕೆಲಸ ಮಾಡುವುದು ಇದೇ ಕಾರಣಕ್ಕೆ. ಆದರೆ ಎಲ್ಲ ಸುಳಿವೂ ಆಗುವುದಿಲ್ಲ. ಸಂಗತಿ ಒಳಗೆ ಹೋಗುವಾಗ ಅದರ ಜೊತೆ ಏನೇನು ಇತ್ತೋ ಅದೇ ಒಳ್ಳೆಯ ಸುಳಿವು. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬುವರು ಮುಳುಗುಗಾರರಿಗೆ ನೀರಿನ ಅಡಿಯಲ್ಲೂ ದಡದಲ್ಲೂ ಪದಗಳನ್ನು ಕಲಿಸಿದರು. ನೀರಲ್ಲಿ ಕಲಿತದ್ದು ನೀರಲ್ಲೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ.

ಕೊಡವರ ಜನಪದ ಹಾಡು ಬಾಳೋಪಾಟ್ ಹಾಡುವವರನ್ನು ಗಮನಿಸಿ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಸಾಲು ಹಾಡಿದರೆ ಇನ್ನಿಬ್ಬರು ಅದನ್ನೇ ಹೇಳುತ್ತಾರೆ. ದುಡಿಯ ತಾಳ ಒಂದು ಸುಳಿವು, ಹಿಂದಿನ ಸಾಲು ಇನ್ನೊಂದು. ಅವರು ಮರುಹೇಳುವಷ್ಟರಲ್ಲಿ ಇವರಿಗೆ ಮುಂದಿನ ಸಾಲು ತಂದುಕೊಳ್ಳಲು ಸಮಯವೂ ಸಿಕ್ಕಿತು. ನಡಿಕೇರಿಯಂಡ ಚಿಣ್ಣಪ್ಪ ಅವರ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾಗುವ ತನಕ ಆ ಹಾಡುಗಳೆಲ್ಲ ಉಳಿದದ್ದು ಬಾಯಲ್ಲೇ. ದುಡಿ ಇಲ್ಲದೆ, ಕುರ್ಚಿಯಲ್ಲಿ ಕೂರಿಸಿ, ಮಧ್ಯದ ಸಾಲೊಂದನ್ನು ಹೇಳಿ ಎಂದರೆ ಹಾಡುಗಾರರಿಗೂ ಕಷ್ಟವೇ, ಅಲ್ವಾ? ಶಾಲೆಯಲ್ಲಿ ಕಂಠಪಾಠ ಮಾಡಿದ ಪದ್ಯವನ್ನು ನಾವೂ ಮೊದಲಿನಿಂದ ಶುರುಮಾಡಿದರೇ ಬರುವುದು.

ಒಂಟಿಯಾಗಿದ್ದಾರೆ ಎಂದು ಅವ್ವನನ್ನು ತೋಟದ ಮನೆಯಿಂದ ಬೆಂಗಳೂರಿನ ಫ್ಲ್ಯಾಟಿಗೆ ಕರೆದೊಯ್ಯುವವರಿಗೆ ನಾನು ಇದನ್ನೇ ಬಿಡಿಸಿ ಹೇಳುತ್ತೇನೆ. ಅಲ್ಲಿಗೆ ಹೋಗಿ ತಿಂಗಳಾಗುವಷ್ಟರಲ್ಲೇ ಮರೆವು ಜಾಸ್ತಿಯಾಯಿತು ಎಂದು ಫೋನ್ ಬರುತ್ತದೆ. ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕು, ಸೋಂಕು ಇದ್ದರೂ ಹಾಗಾಗುತ್ತದೆ. ಅಂಥದ್ದೇನೂ ಇಲ್ಲದಿದ್ದರೆ ಸುಳಿವುಗಳ ಕಡೆ ನೋಡಿ. ಒಲೆ, ಅಂಗಳ, ಕಣದಲ್ಲಿ ಒಣಗುವ ಕಾಫಿ, ಮಾರ್ಚಿನ ಮಳೆಗೆ ಅರಳುವ ಹೂವಿನ ಪರಿಮಳ, ದಿನ ನಡೆಯುತ್ತಿದ್ದ ದಾರಿ, ಇವೆಲ್ಲ ಅವರಿಗೆ ಹೊತ್ತು ಹೊತ್ತಿಗೆ ನೆನಪು ಮಾಡಿಕೊಡುತ್ತಿದ್ದವು. ಹೊಸ ಜಾಗದಲ್ಲಿ ಅದ್ಯಾವುದೂ ಇಲ್ಲ. ಕರೆದೊಯ್ಯಲೇಬೇಕಾದರೆ ಅವರ ಮಂಚದ ಪಕ್ಕದ ವಸ್ತುಗಳು, ಹಳೆಯ ಗೋಡೆ ಗಡಿಯಾರ, ಅಡುಗೆಯ ಪಾತ್ರೆಗಳು ಜೊತೆಗೇ ಹೋಗಲಿ. ಹೊಸದು ಕೊಡಿಸುವುದು ಪ್ರೀತಿಯೇ, ಆದರೆ ಹಳೆಯದು ಅವರಿಗೆ ಹೆಚ್ಚು ಉಪಯೋಗ.

ಇನ್ನು ಹೊರಗೆ ತರುವ ಕೆಲಸದ ಇನ್ನೊಂದು ಮುಖ. ನೆನಪು ರೆಕಾರ್ಡಿಂಗ್ ಅಲ್ಲ. ಪ್ರತಿ ಸಲ ನೆನೆಯುವಾಗ ಮೆದುಳು ಸಿಕ್ಕ ಚೂರುಗಳನ್ನು ಹೊಸದಾಗಿ ಜೋಡಿಸುತ್ತದೆ. ಖಾಲಿ ಬಿದ್ದ ಜಾಗವನ್ನು ಊಹೆಯಿಂದ, ಬೇರೆಯವರ ಮಾತಿನಿಂದ ತುಂಬುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಚಿತ್ರದ ತುಣುಕು ತೋರಿಸಿದರು. ಕಾರುಗಳು "ತಾಗಿದಾಗ" ಎಷ್ಟು ವೇಗವಿತ್ತು ಎಂದು ಕೆಲವರಿಗೆ ಕೇಳಿದರು, "ಅಪ್ಪಳಿಸಿದಾಗ" ಎಂದು ಇನ್ನು ಕೆಲವರಿಗೆ. ಎರಡನೆಯವರು ವೇಗ ಜಾಸ್ತಿ ಹೇಳಿದರು. ವಾರದ ಮೇಲೆ, ಒಡೆದ ಗಾಜು ನೋಡಿದ್ದೆವು ಎಂದವರೂ ಅವರಲ್ಲೇ ಹೆಚ್ಚು. ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ.

2018ರ ಆಗಸ್ಟಿನ ಭೂಕುಸಿತ ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯುವಂಥದ್ದಲ್ಲ. ಜೋಡುಪಾಲ, ಮಕ್ಕಂದೂರು ಎಂದರೆ ಸಾಕು, ಮಾತು ಶುರುವಾಗುತ್ತದೆ. ಒಂದೇ ಮನೆಯ ಇಬ್ಬರು ಒಂದೇ ರಾತ್ರಿಯನ್ನು ಬೇರೆ ಬೇರೆ ಥರ ಹೇಳುವುದನ್ನು ನಾನು ಕೇಳಿದ್ದೇನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಾವು ಕಂಡದ್ದರ ಜೊತೆ ಟಿವಿ, ವಾಟ್ಸಾಪ್ ವಿಡಿಯೊ, ಪಕ್ಕದ ಮನೆಯವರ ಮಾತು ಬೆರೆತಿದೆ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್, ಆ ಸುದ್ದಿ ಎಲ್ಲಿ ಹೇಗೆ ತಿಳಿಯಿತು ಎಂದು ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡಿದ್ದರು. ಸುಮಾರು ಎರಡೂವರೆ ವರ್ಷದ ನಂತರ ಮತ್ತೆ ಕೇಳಿದಾಗ ಅನೇಕರು ಬೇರೆಯೇ ಕಥೆ ಹೇಳಿದರು, ಅದೂ ಪೂರ್ತಿ ಭರವಸೆಯಿಂದ. ತಮ್ಮದೇ ಕೈಬರಹ ತೋರಿಸಿದ ಮೇಲೂ ಮೊದಲಿನ ನೆನಪು ಮರಳಲಿಲ್ಲ. ಹಾಗಾಗಿ ಇಂಥ ಅನುಭವಗಳನ್ನು ಬರೆದಿಟ್ಟುಕೊಳ್ಳುವವರು "ಆಮೇಲೆ ಏನಾಯ್ತು?" ಎಂದಷ್ಟೇ ಕೇಳಲಿ. "ಆಗ ದೊಡ್ಡ ಸದ್ದು ಬಂತಲ್ವಾ?" ಎಂದು ಕೇಳಿದರೆ ಆ ಸದ್ದನ್ನು ನಾವೇ ಅವರ ನೆನಪಿಗೆ ಸೇರಿಸಿದ ಹಾಗೆ.

ಸುಳಿವು ಕೆಲವರಿಗೆ ಹಿಂಸೆಯೂ ಹೌದು. ಶೀಟಿನ ಮೇಲೆ ಮಳೆ ಜೋರಾದರೆ, ಕರೆಂಟು ಹೋದರೆ ಎದೆ ಹೊಡೆದುಕೊಳ್ಳುವವರು ಇಂದಿಗೂ ಇದ್ದಾರೆ. ಅವರು ನೆನಪು ಮಾಡಿಕೊಳ್ಳುತ್ತಿಲ್ಲ, ನೆನಪೇ ಅವರ ಮೇಲೆ ಬೀಳುತ್ತಿದೆ. "ಮರೆತುಬಿಡಿ" ಎಂದು ಹೇಳಿ ಪ್ರಯೋಜನವಿಲ್ಲ. ತರಬೇತಿ ಇರುವವರ ಜೊತೆ, ಸುರಕ್ಷಿತ ಎಂಬ ಭಾವನೆ ಗಟ್ಟಿಯಾದ ಮೇಲೆ, ನಿಧಾನಕ್ಕೆ ಅದರ ಬಗ್ಗೆ ಮಾತಾಡಿದರೆ ಹೆದರಿಕೆಯ ಹಿಡಿತ ಸಡಿಲವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಎಸ್ಸೆಸ್ಸೆಲ್ಸಿ ಮಕ್ಕಳ ತಂದೆತಾಯಿಗೆ ಒಂದೇ ಮಾತು. ಓದಿದ್ದನ್ನೇ ಮತ್ತೆ ಮತ್ತೆ ಓದಿಸಬೇಡಿ. ಪುಸ್ತಕ ಮುಚ್ಚಿ, ನೆನಪಾದದ್ದನ್ನು ಹೇಳಲಿ, ಆಮೇಲೆ ತೆರೆದು ನೋಡಲಿ. 2006ರ ರೋಡಿಗರ್ ಮತ್ತು ಕಾರ್ಪಿಕಿ ಪ್ರಯೋಗದಲ್ಲಿ ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ, ನೆನೆದು ಬರೆದವರು ಮುಂದಿದ್ದರು. ಹಾಗೆಂದು ಇದನ್ನು ಅವ್ವನ ಮೇಲೆ ಪ್ರಯೋಗಿಸಬೇಡಿ. ಮರೆವಿನ ಕಾಯಿಲೆ ಶುರುವಾದವರಿಗೆ ಉತ್ತರ ಸಿಗದ ಪ್ರಶ್ನೆ ಅವಮಾನ ಅಷ್ಟೇ ಆಗುತ್ತದೆ.

ಸುಳಿವು ಕೊಟ್ಟರೂ ನೆನಪಾಗದಿದ್ದರೆ, ಗೊತ್ತಿದ್ದ ದಾರಿ ತಪ್ಪಿದರೆ, ಕೇಳಿದ್ದನ್ನೇ ಗಂಟೆಯೊಳಗೆ ಹತ್ತಾರು ಸಲ ಕೇಳಿದರೆ, ದುಡ್ಡಿನ ಲೆಕ್ಕ ಕೈಕೊಟ್ಟರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಎಲ್ಲ ಮರೆವೂ ಅಲ್ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ರೆ ಮಾತ್ರೆ, ಇವುಗಳಿಂದ ಆದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ನಮ್ಮ ಕಡೆ ಇನ್ನೊಂದನ್ನು ಬಾಯಿಬಿಟ್ಟು ಹೇಳಲೇಬೇಕು, ಅದು ಕುಡಿತ. ವರ್ಷಗಟ್ಟಲೆ ಜಾಸ್ತಿ ಕುಡಿದವರಲ್ಲಿ ಬಿ1 ಜೀವಸತ್ವ ಕಡಿಮೆಯಾಗಿ ಹೊಸ ನೆನಪು ನಿಲ್ಲುವುದೇ ಕಷ್ಟವಾಗುತ್ತದೆ. ನಡೆಯದ್ದನ್ನು ನಡೆದ ಹಾಗೆ ಹೇಳುತ್ತಾರೆ, ಮನೆಯವರು ಸುಳ್ಳುಬುರುಕ ಎಂದು ಬಯ್ಯುತ್ತಾರೆ. ಬೇಗ ಬಂದಷ್ಟೂ ಉಳಿಸಿಕೊಳ್ಳುವುದು ಜಾಸ್ತಿ.

ಬರುವಾಗ ಅವ್ವನ ಎಲ್ಲ ಮಾತ್ರೆಗಳನ್ನೂ ಚೀಟಿ ಸಮೇತ ತನ್ನಿ. ಮರೆವು ಯಾವಾಗಿನಿಂದ, ಮೊದಲು ಏನನ್ನು ಮರೆತರು ಎಂದು ಬರೆದು ತನ್ನಿ. ಹಬ್ಬಕ್ಕೆ ಬಂದ ಮಗ ಮಾತ್ರ ಬಂದರೆ ಸಾಲದು. ದಿನವೂ ಜೊತೆಗಿರುವವರು, ಅದು ತೋಟದ ಕೆಲಸದವರೇ ಆಗಲಿ, ಅವರನ್ನೂ ಕರೆದುಕೊಂಡು ಬನ್ನಿ. ನನಗೆ ಬೇಕಾದ ಉತ್ತರ ಹೆಚ್ಚಿನ ಸಲ ಅವರ ಹತ್ತಿರವೇ ಇರುತ್ತದೆ.